ನೀರಿನ ಫೋಟೋ ತೆಗೆಯುವಾಗ ಮೊದಲು ದಡ ನೋಡಿ

ಡಿಸೆಂಬರ್ ರಜೆಯಲ್ಲಿ ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದ. ಹೊಸ ಕ್ಯಾಮೆರಾ ತಂದಿದ್ದ. ಬಂದ ಮರುದಿನವೇ ಸಂಜೆ ಚಂದ್ರಗಿರಿ ಹೊಳೆಯ ದಡಕ್ಕೆ ಹೋಗಿ ಬಂದ. ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ಕೂತು ಅರುವತ್ತು ಚಿಲ್ಲರೆ ಫೋಟೋ ತೋರಿಸಿದ. ಬಣ್ಣ ಚೆನ್ನಾಗಿತ್ತು, ಫೋಕಸ್ ಸರಿ ಇತ್ತು. ಆದರೆ ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ಮೇಲೆ ಕಿತ್ತಳೆ ಬಣ್ಣದ ಆಕಾಶ, ಕೆಳಗೆ ಕಿತ್ತಳೆ ಬಣ್ಣದ ನೀರು, ನಡುವೆ ಆಚೆ ದಡದ ತೆಂಗಿನ ಮರಗಳ ಕಪ್ಪು ಪಟ್ಟಿ.

"ಮಾವ, ಅಲ್ಲಿ ನಿಂತಾಗ ಎಷ್ಟು ಚೆಂದ ಇತ್ತು! ಇದರಲ್ಲಿ ಅದು ಯಾಕೆ ಬಂದಿಲ್ಲ?" ಅಂತ ಕೇಳಿದ.

ಈ ಪ್ರಶ್ನೆ ಅವನೊಬ್ಬನದಲ್ಲ. ಕಾಸರಗೋಡು ಜಿಲ್ಲೆಯಲ್ಲಿ ಹನ್ನೆರಡು ಹೊಳೆಗಳಿವೆ, ಪಡುಗಡೆ ಪೂರ್ತಿ ಕಡಲು, ಒಳಗೆ ಹೋದರೆ ಕೆರೆ, ಪಳ್ಳ ಎಂಬ ನೀರು ನಿಲ್ಲುವ ಹೊಂಡ, ತೋಡು ಎಂಬ ಸಣ್ಣ ತೊರೆ. ಫೋನ್ ಹಿಡಿದ ನಮ್ಮೂರಿನವರೆಲ್ಲ ಒಂದಲ್ಲ ಒಂದು ದಿನ ನೀರಿನ ಫೋಟೋ ತೆಗೆದೇ ತೆಗೆದಿರುತ್ತಾರೆ. ಅದರಲ್ಲಿ ಮುಕ್ಕಾಲು ಪಾಲು ಫೋಟೋಗಳ ಕಷ್ಟ ಇದೇ. ಹಾಗಾಗಿ ಅವನಿಗೆ ಹೇಳಿದ್ದನ್ನು, ಮರುದಿನದಿಂದ ಇಬ್ಬರೂ ಹೋಗಿ ಮಾಡಿ ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೊಳೆಯ ಬದಿಯಲ್ಲಿ ನಿಂತಾಗ ಗಾಳಿ ಇರುತ್ತದೆ, ನೀರಿನ ಸದ್ದು ಇರುತ್ತದೆ, ಕಾಲಿಗೆ ತಂಪು ತಾಗುತ್ತದೆ, ಕಣ್ಣು ಒಂದು ಕಡೆ ನಿಲ್ಲದೆ ಓಡಾಡುತ್ತದೆ. ಫೋಟೋದಲ್ಲಿ ಇವು ಯಾವುದೂ ಇಲ್ಲ. ಅಲ್ಲಿ ಉಳಿಯುವುದು ಆಕಾರ, ಬೆಳಕು, ಬಣ್ಣ ಇಷ್ಟೇ. ನೀರಿಗೆ ತನ್ನದೇ ಆದ ಆಕಾರ ಇಲ್ಲ, ಅಲ್ವಾ? ಕೊಡದಲ್ಲಿದ್ದರೆ ಕೊಡದ ಆಕಾರ, ಕೆರೆಯಲ್ಲಿದ್ದರೆ ಕೆರೆಯ ಆಕಾರ. ಹೊಳೆಗೆ ಆಕಾರ ಕೊಡುವುದು ಅದರ ದಡ. ಕಡಲಿಗೆ ಆಕಾರ ಕೊಡುವುದು ಕಲ್ಲು, ಮರಳು, ಅಲೆ ಬಂದು ಹಿಂದೆ ಹೋದ ಒದ್ದೆ ಗೆರೆ. ಆದ್ದರಿಂದ ನೀರಿನ ಒಳ್ಳೆಯ ಫೋಟೋ ಬೇಕು ಅಂತಾದರೆ ನೀರು ನೆಲಕ್ಕೆ ತಾಗುವ ಜಾಗವನ್ನು ಹುಡುಕಬೇಕು. ನಾನು ಹೇಳಲು ಹೊರಟಿರುವುದು ಮುಖ್ಯವಾಗಿ ಇದನ್ನೇ.

ಕ್ಯಾಮೆರಾ ಚೀಲದಲ್ಲೇ ಇರಲಿ

ದಡಕ್ಕೆ ಹೋದ ಕೂಡಲೇ ಫೋಟೋ ತೆಗೆಯಬೇಡಿ. ಮೊದಲ ಇಪ್ಪತ್ತು ನಿಮಿಷ ಸುಮ್ನೆ ನಡೆಯಿರಿ. ಬೆಳಕು ಹೋಗುತ್ತದೆ ಎಂದು ಅವಸರ ಆಗುವುದು ಸಹಜ. ಅದಕ್ಕೇ ಸೂರ್ಯ ಮುಳುಗುವುದಕ್ಕೆ ಒಂದು ಗಂಟೆ ಮೊದಲೇ ಅಲ್ಲಿರಬೇಕು. ನಮ್ಮಲ್ಲಿ ನವೆಂಬರ್ ತಿಂಗಳಲ್ಲಿ ಸಂಜೆ ಆರರ ಆಸುಪಾಸು, ಜುಲೈಯಲ್ಲಿ ಏಳಕ್ಕೆ ಹತ್ತಿರ ಮುಳುಗುತ್ತದೆ.

ನಡೆಯುವಾಗ ನೋಡಬೇಕಾದದ್ದು ದಡದ ಗೆರೆಯನ್ನು. ಎಲ್ಲಿ ಅದು ಬಾಗುತ್ತದೆ? ಎಲ್ಲಿ ಒಂದು ಕಲ್ಲು ಮುಂದೆ ಬಂದು ನೀರನ್ನು ಒತ್ತಿದೆ? ದೋಣಿ ಹತ್ತುವ ಕಡವಿನ ಮೆಟ್ಟಿಲು ಎಲ್ಲಿ ನೀರಿಗೆ ಇಳಿಯುತ್ತದೆ? ದೋಣಿ ಕಟ್ಟಿದ ಹಗ್ಗ ಯಾವ ಕಡೆಗೆ ಎಳೆದು ನಿಂತಿದೆ? ಇಂಥದ್ದೊಂದು ಸಿಕ್ಕಿದರೆ ನಿಮ್ಮ ಫೋಟೋಗೆ ಶುರು ಸಿಕ್ಕಿತು. ಸಿಗದಿದ್ದರೆ ಆಕಾಶ ಎಷ್ಟೇ ಕೆಂಪಾದರೂ ಆ ಜಾಗ ಬಿಟ್ಟು ಮುಂದೆ ಹೋಗಿ.

ಅಳಿಯನ ಫೋಟೋಗಳ ಮೊದಲ ತಪ್ಪು ಅವನು ನಿಂತ ದಿಕ್ಕಿನಲ್ಲೇ ಇತ್ತು. ಹೊಳೆಗೆ ಎದುರಾಗಿ, ಆಚೆ ದಡಕ್ಕೆ ಮುಖ ಮಾಡಿ ನಿಂತಿದ್ದ. ಹಾಗೆ ನಿಂತರೆ ಆಚೆ ದಡ ಅಡ್ಡ ಪಟ್ಟಿಯಾಗಿಯೇ ಬರುತ್ತದೆ, ಬೇರೆ ದಾರಿಯೇ ಇಲ್ಲ. ಸ್ವಲ್ಪ ತಿರುಗಿ ಹೊಳೆಯ ಉದ್ದಕ್ಕೆ ನೋಡಿ. ಈಗ ಎರಡು ದಡಗಳೂ ದೂರ ಹೋಗುತ್ತಾ ಹೋಗುತ್ತಾ ಹತ್ತಿರ ಬರುತ್ತವೆ. ನಿಮ್ಮ ಕಾಲ ಬುಡದಲ್ಲಿ ಶುರುವಾದ ಕೆಸರಿನ ಅಂಚು ಬಾಗಿ ಬಾಗಿ ದೂರದ ತೆಂಗಿನ ತೋಟದ ತನಕ ಹೋಗುತ್ತದೆ, ನೋಡುವವರ ಕಣ್ಣು ಅದರ ಹಿಂದೆಯೇ ಹೋಗುತ್ತದೆ. ಚಂದ್ರಗಿರಿ ಕೋಟೆಯ ಮೇಲಿನಿಂದ ಹೊಳೆ ಅಷ್ಟು ಚೆಂದ ಕಾಣುವುದಕ್ಕೆ ಇದೂ ಒಂದು ಕಾರಣ. ಅಲ್ಲಿಂದ ಹೊಳೆ ಬಾಗುವುದು, ಕಡಲ ಕಡೆಗೆ ತಿರುಗುವುದು ಕಾಣುತ್ತದೆ. ಮೇಲೆ ಪಯಸ್ವಿನಿ ಎಂದು ಕರೆಸಿಕೊಂಡು, ಕೊಡಗಿನಿಂದ ನೂರು ಕಿಲೋಮೀಟರಿಗೂ ಜಾಸ್ತಿ ಹರಿದು ಬಂದ ಹೊಳೆ ಅದು. ಅದನ್ನು ಅಡ್ಡ ಪಟ್ಟಿ ಮಾಡಿ ತೋರಿಸಿದರೆ ಹರಿಯುತ್ತಿದೆ ಅಂತಲೇ ಗೊತ್ತಾಗುವುದಿಲ್ಲ.

ದೋಣಿ ಮತ್ತು ಕ್ಯಾಮೆರಾದ ಎತ್ತರ

ಮರುದಿನ ಅದೇ ಜಾಗಕ್ಕೆ ಇಬ್ಬರೂ ಹೋದೆವು. ಗೂಟಕ್ಕೆ ಕಟ್ಟಿದ ಒಂದು ಹಳೆಯ ದೋಣಿ ಇತ್ತು. ಕಪ್ಪು ಬಣ್ಣ, ಬದಿಯಲ್ಲಿ ಟಾರು ಬಳಿದದ್ದು, ಒಳಗೆ ಅರ್ಧ ಹಿಡಿ ನೀರು. ಹಿಂದಿನ ದಿನವೂ ಅವನು ಅದನ್ನು ತೆಗೆದಿದ್ದ. ಆದರೆ ಫೋಟೋದಲ್ಲಿ ದೋಣಿಯ ಮೂತಿ ಎಲ್ಲಿ ಮುಗಿಯುತ್ತದೆ, ಆಚೆ ದಡ ಎಲ್ಲಿ ಶುರುವಾಗುತ್ತದೆ ಅಂತ ಗೊತ್ತಾಗುತ್ತಿರಲಿಲ್ಲ. ಕಪ್ಪಿನ ಮೇಲೆ ಕಪ್ಪು ಸೇರಿ ಹೋಗಿತ್ತು. ಯಾರೋ ಹೇಳಿದ್ದರಂತೆ, ಕೆಳಗೆ ಕೂತು ತೆಗೆದರೆ ಫೋಟೋ ಚೆನ್ನಾಗಿ ಬರುತ್ತದೆ ಅಂತ. ಅವನು ನೀರಿನ ಮಟ್ಟದಲ್ಲೇ ಕುಕ್ಕರುಗಾಲಲ್ಲಿ ಕೂತು ತೆಗೆದಿದ್ದ.

ಇಲ್ಲೊಂದು ವಿಷಯ ಇದೆ, ಇದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ನೀರಿನ ಮಟ್ಟದಿಂದ ನಿಮ್ಮ ಕ್ಯಾಮೆರಾ ಎಷ್ಟು ಎತ್ತರದಲ್ಲಿದೆಯೋ, ದಿಗಂತದ ಗೆರೆ ಎಲ್ಲ ವಸ್ತುಗಳನ್ನೂ ಅಷ್ಟೇ ಎತ್ತರದಲ್ಲಿ ಹಾದು ಹೋಗುತ್ತದೆ. ಹತ್ತಿರ ಇರಲಿ, ದೂರ ಇರಲಿ, ಲೆಕ್ಕ ಒಂದೇ. ದೋಣಿಯ ಮೂತಿ ನೀರಿನಿಂದ ಎರಡು ಮೂರು ಅಡಿ ಮೇಲಿದೆ ಅಂತಿಟ್ಟುಕೊಳ್ಳಿ. ಕ್ಯಾಮೆರಾ ಒಂದೂವರೆ ಅಡಿ ಎತ್ತರದಲ್ಲಿದ್ದರೆ ಮೂತಿ ದಿಗಂತ ದಾಟಿ ಮೇಲೆ ಹೋಗುತ್ತದೆ, ಅಂದರೆ ಆಚೆ ದಡದ ಕಪ್ಪು ಮರಗಳಿಗೆ ತಾಗುತ್ತದೆ. ಎದ್ದು ನಿಂತರೆ ಕ್ಯಾಮೆರಾ ಐದು ಅಡಿಗೆ ಬಂತು. ಈಗ ಇಡೀ ದೋಣಿ ದಿಗಂತಕ್ಕಿಂತ ಕೆಳಗೆ, ಹೊಳೆಯುವ ನೀರಿನ ನಡುವೆ ಬಿಡಿಯಾಗಿ ನಿಲ್ಲುತ್ತದೆ.

ಅಳಿಯ ಎದ್ದು ನಿಂತ. ಆಮೇಲೆ ಕಡವಿನ ಎರಡು ಮೆಟ್ಟಿಲು ಹತ್ತಿದ. ದೋಣಿಯ ಸುತ್ತ ನೀರು ಕಾಣಲು ಶುರುವಾಯಿತು. ಮೂತಿಯ ತುದಿಗೂ ಆಚೆ ದಡಕ್ಕೂ ನಡುವೆ ಎರಡು ಬೆರಳು ಅಗಲದ ಕಿತ್ತಳೆ ನೀರು. ದೋಣಿ, ಬೆಳಕು, ಜಾಗ ಎಲ್ಲ ನಿನ್ನೆಯದೇ. ಬದಲಾದದ್ದು ಎತ್ತರ ಮಾತ್ರ.

ಇದೇ ಲೆಕ್ಕ ಕಡಲ ಬದಿಯಲ್ಲಿ ತಿರುಗಾ ಮುರುಗಾ ಆಗುತ್ತದೆ. ಮರಳಿನ ಮೇಲೆ ನಿಂತ ನಿಮ್ಮ ತಂಗಿಯ ಫೋಟೋ ನಿಂತೇ ತೆಗೆದರೆ ಕಡಲಿನ ಗೆರೆ ಸರಿಯಾಗಿ ಅವಳ ಕಣ್ಣಿನ ಹತ್ತಿರ, ಇಲ್ಲ ಕುತ್ತಿಗೆಯ ಹತ್ತಿರ ಹಾದು ಹೋಗುತ್ತದೆ. ತಲೆಯನ್ನೇ ಕತ್ತರಿಸಿದ ಹಾಗೆ ಕಾಣುತ್ತದೆ. ಅಲ್ಲಿ ನೀವು ಮಂಡಿಯೂರಿ. ಗೆರೆ ಸೊಂಟಕ್ಕೆ ಇಳಿಯುತ್ತದೆ, ತಲೆ ಮತ್ತು ಭುಜ ತಿಳಿ ಆಕಾಶದಲ್ಲಿ ಬರುತ್ತವೆ. ಬೀಸುಬಲೆ ಎಸೆಯುವವರ ಫೋಟೋಗೂ ಇದೇ ಮಾತು. ಬಲೆ ಬಿಚ್ಚಿಕೊಳ್ಳುವುದು ಆಕಾಶದ ಎದುರು ಕಾಣಬೇಕಾದರೆ ಕೂತುಕೊಳ್ಳಿ, ನೀರಿನ ಎದುರು ಕಾಣಬೇಕಾದರೆ ಎತ್ತರಕ್ಕೆ ಹೋಗಿ. ತೆಗೆಯುವ ಮೊದಲು "ಅಣ್ಣ, ಒಂದು ಫೋಟೋ ತೆಗೆಯಬಹುದಾ?" ಅಂತ ಕೇಳಿ. ಅವರು ಕೆಲಸದಲ್ಲಿರುತ್ತಾರೆ. ಕೇಳಿದರೆ ಬೇಡ ಅನ್ನುವವರು ಕಮ್ಮಿ.

ದೋಣಿಯ ಮೂತಿ ಯಾವ ಕಡೆಗಿದೆ ಅನ್ನುವುದನ್ನೂ ನೋಡಿ. ಅದು ಮುಖ ಮಾಡಿದ ಕಡೆ ಜಾಗ ಜಾಸ್ತಿ ಇರಲಿ. ಮೂತಿ ಫೋಟೋದ ಅಂಚಿಗೆ ಅಂಟಿಕೊಂಡಿದ್ದರೆ ಗೋಡೆಗೆ ಡಿಕ್ಕಿ ಹೊಡೆಯಲು ಹೊರಟ ಹಾಗೆ ಕಾಣುತ್ತದೆ. ಹಗ್ಗ ಇದ್ದರೆ ಅದು ಕೆಳಗಿನ ಮೂಲೆಯ ಆಸುಪಾಸಿನಿಂದ ಶುರುವಾಗಿ ದೋಣಿಗೆ ಸೇರುವ ಹಾಗೆ ನಿಂತುಕೊಳ್ಳಿ. ನಾವು ಅವತ್ತು ಒಂದೇ ಹೆಜ್ಜೆ ಎಡಕ್ಕೆ ಸರಿದಾಗ ಹಗ್ಗ ನೇರ ಗೆರೆಯ ಬದಲು ಸಣ್ಣ ಬಾಗಾಗಿ ಕಂಡಿತು, ಗೂಟದ ಹಿಂದೆ ಬಿದ್ದಿದ್ದ ಪ್ಲಾಸ್ಟಿಕ್ ಡಬ್ಬವೂ ಮರೆಯಾಯಿತು. ಒಂದು ಹೆಜ್ಜೆಗೆ ಇಷ್ಟು ಸಾಮರ್ಥ್ಯ ಇದೆ. ಝೂಮ್ ಮಾಡಿದರೆ ಇದು ಸಿಗುವುದಿಲ್ಲ. ಝೂಮ್ ಎಲ್ಲವನ್ನೂ ಒಟ್ಟಿಗೆ ದೊಡ್ಡದು ಮಾಡುತ್ತದೆ, ಕಾಲು ಮಾತ್ರ ಒಂದರ ಹಿಂದೆ ಇನ್ನೊಂದನ್ನು ಅಡಗಿಸಬಲ್ಲದು.

ಗೆರೆ ಎಲ್ಲಿರಬೇಕು, ನೆಟ್ಟಗಿದೆಯಾ

ಫೋಟೋವನ್ನು ಮೂರು ಪಾಲು ಮಾಡಿ ದಿಗಂತವನ್ನು ಒಂದು ಪಾಲಿನ ಗೆರೆಯಲ್ಲಿಡಿ ಅಂತ ಎಲ್ಲರೂ ಹೇಳುತ್ತಾರೆ. ಶುರುವಿಗೆ ಒಳ್ಳೆಯ ಅಭ್ಯಾಸ. ಆದರೆ ಅದಕ್ಕಿಂತ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇವತ್ತು ಹೇಳಲು ಜಾಸ್ತಿ ಇರುವುದು ಆಕಾಶಕ್ಕಾ, ನೀರಿಗಾ? ಮಳೆಗಾಲ ಮುಗಿದ ಹೊಸತರಲ್ಲಿ ಮೋಡಗಳು ರಾಶಿ ರಾಶಿ ನಿಂತಿದ್ದರೆ ಆಕಾಶಕ್ಕೆ ಮುಕ್ಕಾಲು ಕೊಡಿ. ಮಾರ್ಚ್ ತಿಂಗಳ ಬೋಳು ಆಕಾಶ ಆದರೆ ಒಂದು ಸಣ್ಣ ಪಟ್ಟಿ ಸಾಕು, ಪೂರ್ತಿ ಬಿಟ್ಟರೂ ಆಗುತ್ತದೆ. ಆಕಾಶ ಇಲ್ಲದ ನೀರಿನ ಫೋಟೋ ತೆಗೆಯಲು ಯಾಕೋ ಜನ ಹಿಂಜರಿಯುತ್ತಾರೆ. ಒಮ್ಮೆ ತೆಗೆದು ನೋಡಿ, ನೀರಿನಲ್ಲೇ ಆಕಾಶದ ಬಣ್ಣ ಇರುತ್ತದೆ.

ಕಡಲಿನ ಗೆರೆ ವಾಲಿದರೆ ನೀರು ಒಂದು ಕಡೆಗೆ ಸುರಿದು ಹೋಗುವ ಹಾಗೆ ಕಾಣುತ್ತದೆ, ಕಣ್ಣಿಗೆ ಚುಚ್ಚುತ್ತದೆ. ಕ್ಯಾಮೆರಾದಲ್ಲೂ ಫೋನಿನಲ್ಲೂ ಗ್ರಿಡ್, ಅಂದರೆ ಸ್ಕ್ರೀನಿನ ಮೇಲೆ ಕಾಣುವ ಅಡ್ಡ ಉದ್ದ ಗೆರೆಗಳು, ಹಾಕಿಟ್ಟುಕೊಳ್ಳಿ. ಹೊಳೆಯಲ್ಲಿ ಮಾತ್ರ ಗ್ರಿಡ್ ನಂಬುವ ಹಾಗಿಲ್ಲ. ಆಚೆ ದಡ ನಿಮ್ಮಿಂದ ಓರೆಯಾಗಿ ದೂರ ಹೋಗುತ್ತಿದ್ದರೆ ಅದರ ಗೆರೆ ಓರೆಯಾಗಿಯೇ ಕಾಣಬೇಕು. ಅದನ್ನು ನೆಟ್ಟಗೆ ಮಾಡಲು ಹೋಗಿ ಇಡೀ ಫೋಟೋ ವಾಲಿಸಿದವರನ್ನು ನೋಡಿದ್ದೇನೆ. ಅಂಥ ಕಡೆ ಪ್ರತಿಬಿಂಬ ನೋಡಿ. ಫೋಟೋದ ನಡುಭಾಗದ ಒಂದು ತೆಂಗಿನ ಮರದ ತುದಿ, ನೀರಿನಲ್ಲಿ ಅದರ ತುದಿ, ಇವೆರಡೂ ಒಂದೇ ನೇರ ಗೆರೆಯಲ್ಲಿ ಮೇಲೆ ಕೆಳಗೆ ಇರಬೇಕು. ಮರವೇ ಓರೆಯಾಗಿದ್ದರೂ ಚಿಂತೆ ಇಲ್ಲ, ತುದಿಯಿಂದ ತುದಿಗೆ ಗೆರೆ ಎಳೆದರೆ ಅದು ನೆಟ್ಟಗೇ ಇರುತ್ತದೆ. ನಮ್ಮ ಹೊಳೆ ಬದಿಯ ತೆಂಗುಗಳೆಲ್ಲ ಬೆಳಕಿಗಾಗಿ ನೀರಿನ ಕಡೆ ಬಾಗಿಯೇ ಇರುವುದರಿಂದ ಈ ಉಪಾಯ ನನಗೆ ತುಂಬ ಸಲ ಕೆಲಸಕ್ಕೆ ಬಂದಿದೆ.

ಬಾಗಿದ ತೆಂಗಿನ ಬಗ್ಗೆ ಇನ್ನೊಂದು ಮಾತು. ಮೇಲಿನ ಮೂಲೆಯಿಂದ ಎರಡು ಗರಿ ಇಳಿಬಿದ್ದ ಹಾಗೆ ತೆಗೆಯುವುದು ನಮ್ಮ ಕಡೆ ದೊಡ್ಡ ಚಟ. ಗರಿಯ ಬುಡ ಕಾಣದೆ ತುದಿ ಮಾತ್ರ ಗಾಳಿಯಲ್ಲಿ ತೇಲುತ್ತಿದ್ದರೆ ಅದು ಯಾರೋ ಕೈ ಹಾಕಿದ ಹಾಗೆ ಕಾಣುತ್ತದೆ. ತೆಂಗು ಬೇಕಾದರೆ ಕಾಂಡ ಸಮೇತ ಇರಲಿ, ಇಲ್ಲದಿದ್ದರೆ ಬೇಡವೇ ಬೇಡ.

ಪ್ರತಿಬಿಂಬ

ಪ್ರತಿಬಿಂಬಕ್ಕೆ ಬೆಳಗ್ಗೆಯೇ ಒಳ್ಳೆಯದು. ಬಿಸಿಲು ಏರಿದ ಮೇಲೆ ಕಡಲ ಗಾಳಿ ಶುರುವಾಗುತ್ತದೆ, ನೀರು ಮುರಿಯುತ್ತದೆ. ಸೂರ್ಯ ಹುಟ್ಟಿ ಒಂದು ಗಂಟೆಯ ಒಳಗೆ ಕುಂಬಳೆ ಹತ್ತಿರದ ಅನಂತಪುರಕ್ಕೆ ಹೋಗಿ ನೋಡಿ. ಕೆರೆಯ ನಡುವೆ ದೇವಸ್ಥಾನ, ಸುತ್ತ ನೀರು. ಬಬಿಯಾ ಎಂಬ ಮೊಸಳೆ ಇದ್ದ ಕೆರೆ ಅದು. 2022ರ ಅಕ್ಟೋಬರಿನಲ್ಲಿ ಬಬಿಯಾ ತೀರಿಕೊಂಡಾಗ ಊರಿಗೆ ಊರೇ ಬಂದು ನೋಡಿತ್ತು. ಅಂಥ ಜಾಗದಲ್ಲಿ ಮೂರು ಪಾಲಿನ ಲೆಕ್ಕ ಬಿಟ್ಟುಬಿಡಿ. ಗುಡಿ ಮತ್ತು ಅದರ ನೆರಳು ಸಮ ಸಮ ಇರಲಿ, ನೀರಿನ ಗೆರೆ ನಟ್ಟ ನಡುವೆ ಬರಲಿ. ಎಲ್ಲಿ ಫೋಟೋ ತೆಗೆಯಬಹುದು, ಎಲ್ಲಿ ಕೂಡದು ಅಂತ ಮೊದಲು ಅಲ್ಲಿನವರನ್ನು ಕೇಳಿ.

ಸಮ ಸಮ ಬೇಕಾದರೆ ಕ್ಯಾಮೆರಾ ನೀರಿಗೆ ಹತ್ತಿರ ಇರಬೇಕು. ಮೇಲೆ ನಿಂತಷ್ಟೂ ನೀರಿನ ನೆರಳು ಮೋಟಾಗುತ್ತದೆ, ಮುಂದಿನ ಕಟ್ಟೆಯೋ ಪೊದೆಯೋ ಹಿಂದಿನ ಗುಡಿಯ ನೆರಳನ್ನು ನುಂಗುತ್ತದೆ. ದೋಣಿಗೆ ಎದ್ದು ನಿಲ್ಲಿ ಅಂದವನೇ ಇಲ್ಲಿ ಕೂತುಕೊಳ್ಳಿ ಅನ್ನುತ್ತಿದ್ದೇನೆ, ಹೌದು. ಎತ್ತರಕ್ಕೆ ಒಂದೇ ನಿಯಮ ಇಲ್ಲ, ಏನು ಯಾವುದಕ್ಕೆ ತಾಗುತ್ತಿದೆ ಅಂತ ನೋಡಿ ಎತ್ತರ ಆರಿಸಬೇಕು.

ಇನ್ನು ನೀರಿನ ಸ್ವಭಾವ. ನಿಮ್ಮ ಕಾಲ ಬುಡದ ನೀರನ್ನು ನೇರ ಕೆಳಗೆ ನೋಡಿದರೆ ಅದು ಬೀಳುವ ಬೆಳಕಿನಲ್ಲಿ ನೂರಕ್ಕೆ ಎರಡು ಪಾಲು ಮಾತ್ರ ತಿರುಗಿಸುತ್ತದೆ, ಹಾಗಾಗಿ ತಳದ ಕಲ್ಲು ಕಾಣುತ್ತದೆ. ದೂರದ ನೀರನ್ನು ಓರೆಯಾಗಿ ನೋಡುತ್ತೇವೆ, ಅದು ಬೆಳಕನ್ನು ಜಾಸ್ತಿ ತಿರುಗಿಸುತ್ತದೆ, ಆದ್ದರಿಂದ ಅಲ್ಲಿ ಆಕಾಶ ಕಾಣುತ್ತದೆ. ಒಂದೇ ಫೋಟೋದಲ್ಲಿ ಎರಡನ್ನೂ ತರಬಹುದು: ಕೆಳಗೆ ತಿಳಿ ನೀರಿನೊಳಗಿನ ಕಲ್ಲುಗಳು, ಮೇಲೆ ಹೋದ ಹಾಗೆ ಅದೇ ನೀರು ಆಕಾಶವಾಗುವುದು. ಅಗಲ ಲೆನ್ಸ್ ಹಾಕಿ, ಕ್ಯಾಮೆರಾ ಸ್ವಲ್ಪ ಕೆಳಗೆ ಬಾಗಿಸಿ ತೆಗೆಯಬೇಕು. ಇದಕ್ಕೆ ನಮ್ಮ ಕಟ್ಟಗಳಷ್ಟು ಒಳ್ಳೆಯ ಜಾಗ ಇಲ್ಲ. ಬದಿಯಡ್ಕ, ಪೆರ್ಲ, ಏತಡ್ಕದ ಕಡೆ ಮಳೆ ನಿಂತ ಮೇಲೆ ತೋಡಿಗೆ ಕಲ್ಲು ಮಣ್ಣು ಹಾಕಿ ಕಟ್ಟ ಕಟ್ಟುತ್ತಾರಲ್ಲ, ಅದರ ಹಿಂದೆ ನಿಂತ ನೀರು ಕನ್ನಡಿಯ ಹಾಗಿರುತ್ತದೆ. ಕಟ್ಟದ ಮೇಲಿಂದ ನೀರು ಉಕ್ಕಿ ಬೀಳುವ ಅಂಚು, ಎರಡೂ ಬದಿಯ ಕಂಗಿನ (ಅಡಿಕೆ ಮರದ) ಸಾಲು, ನೀರಿನಲ್ಲಿ ಅದೇ ಕಂಗಿನ ನೆರಳು. ಬೇಕಲದ ಸೂರ್ಯಾಸ್ತ ತೆಗೆಯಲು ಸಾವಿರ ಜನ ಇದ್ದಾರೆ, ಕಟ್ಟದ ಫೋಟೋ ತೆಗೆಯುವವರೇ ಇಲ್ಲ. ಮನೆ ಹಿಂದಿನ ತೋಡಿಗೆ ಹೋಗಿ ದಯವಿಟ್ಟು ತೆಗೆಯಿರಿ. ಮಳೆಗಾಲದಲ್ಲಿ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಪದವುಗಳ, ಅಂದರೆ ಬೋಳು ಬಯಲುಗಳ ಮೇಲಿನ ಪಳ್ಳಗಳೂ ಹಾಗೆಯೇ, ಅಂಗೈ ಅಗಲದ ನೀರಿನಲ್ಲೂ ಇಡೀ ಮೋಡ ಹಿಡಿಸುತ್ತದೆ.

ಪೋಲರೈಸರ್ ಫಿಲ್ಟರ್ ಇದ್ದರೆ ಜೋಪಾನವಾಗಿ ಬಳಸಿ. ಅದನ್ನು ತಿರುಗಿಸಿದಾಗ ನೀರಿನ ಮೇಲಿನ ಹೊಳಪು ಹೋಗಿ ತಳ ಕಾಣುತ್ತದೆ. ನೀರನ್ನು ಮೂವತ್ತೈದು ನಲವತ್ತು ಡಿಗ್ರಿ ಓರೆಯಲ್ಲಿ ನೋಡುವಾಗ ಅದರ ಬಲ ಜಾಸ್ತಿ. ಪ್ರತಿಬಿಂಬದ ಫೋಟೋ ತೆಗೆಯಲು ಹೋಗಿ ಅದನ್ನೇ ಪೂರ್ತಿ ತಿರುಗಿಸಿ ಪ್ರತಿಬಿಂಬ ಅಳಿಸಿ ಹಾಕಬೇಡಿ. ನಿಧಾನ ತಿರುಗಿಸುತ್ತಾ, ಬೇಕಾದಷ್ಟಕ್ಕೆ ನಿಲ್ಲಿಸಿ.

ಕಡಲ ಬದಿ

ಕಡಲಲ್ಲಿ ದಡವೇ ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಉಬ್ಬರ ಇಳಿತದ ಸಮಯ ನೋಡದೆ ಹೊರಡಬೇಡಿ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ, ಪ್ರತಿ ದಿನ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಯ ಹತ್ತಿರ ಏರುವುದೂ ಇಳಿಯುವುದೂ ಜಾಸ್ತಿ. ನೀರು ಇಳಿಯುವ ಹೊತ್ತು ನನಗೆ ಇಷ್ಟ. ಮುಳುಗಿದ್ದ ಕಲ್ಲುಗಳು ಹೊರಗೆ ಬರುತ್ತವೆ, ಒದ್ದೆ ಮರಳು ಕನ್ನಡಿಯಾಗುತ್ತದೆ, ಆ ಮರಳಿನ ಮೇಲೆ ಯಾರೂ ಇನ್ನೂ ನಡೆದಿರುವುದಿಲ್ಲ. ನಿಮ್ಮದೇ ಹೆಜ್ಜೆ ಗುರುತು ಫೋಟೋದಲ್ಲಿ ಬರದ ಹಾಗೆ ಬದಿಯಿಂದ ಸುತ್ತಿ ಹೋಗಿ. ಹೊಳೆಯ ಅಳಿವೆಯ ಹತ್ತಿರವೂ ಇದೇ. ಅವತ್ತು ಚಂದ್ರಗಿರಿಯಲ್ಲಿ ಮರುವಾಯಿ (ಚಿಪ್ಪಿನ ಮೀನು) ಹೆಕ್ಕುತ್ತಿದ್ದ ಒಬ್ಬರು "ಇನ್ನು ಅರ್ಧ ಗಂಟೆ ನಿಲ್ಲಿ, ನೀರು ಇಳಿಯಲಿ" ಅಂದರು. ನಿಂತೆವು. ದೋಣಿಯ ಮುಂದೆ ಕೆಸರಿನ ಒಂದು ಬಾಗಿದ ಅಂಚು ಮೆಲ್ಲಗೆ ಹೊರಗೆ ಬಂತು, ಅದರ ಮೇಲೆ ಆಕಾಶದ ಬೆಳಕು ಬಿದ್ದು ಬೆಳ್ಳಿ ಸರಿಗೆಯ ಹಾಗೆ ಕಂಡಿತು. ನಮಗೆ ಬೇಕಾದ ದಡದ ಗೆರೆ ಅದೇ ಆಗಿತ್ತು.

ಅಲೆಯನ್ನು ಹೇಗೆ ತೋರಿಸಬೇಕು ಅನ್ನುವುದೂ ಫೋಟೋದಲ್ಲಿ ಏನು ಎಲ್ಲಿರಬೇಕು ಅನ್ನುವ ಜೋಡಣೆಯ ಮಾತೇ, ಯಾಕೆಂದರೆ ಶಟರ್ ವೇಗ, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು, ಬದಲಾದರೆ ಫೋಟೋದಲ್ಲಿನ ಆಕಾರವೇ ಬದಲಾಗುತ್ತದೆ. ಸೆಕೆಂಡಿನ ಐನೂರರಲ್ಲಿ ಒಂದು ಪಾಲಿಗೆ ತೆಗೆದರೆ ಹನಿ ಹನಿ ನಿಲ್ಲುತ್ತದೆ, ಕಲ್ಲಿಗೆ ಬಡಿದ ಅಲೆಗೆ ಅದು ಸರಿ. ಮೂವತ್ತು ಸೆಕೆಂಡ್ ಬಿಟ್ಟರೆ ಅಲೆಗಳೆಲ್ಲ ಸೇರಿ ಮಂಜಿನ ಹಾಗೆ ಆಗುತ್ತದೆ. ಈ ಮಂಜು ಈಗ ತುಂಬ ಆಗಿಬಿಟ್ಟಿದೆ, ಅರಬ್ಬಿ ಕಡಲು ಹಾಲಿನ ಪಾತ್ರೆಯ ಹಾಗೆ ಕಾಣುವುದು ನನಗೆ ಒಪ್ಪುವುದಿಲ್ಲ. ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡ್ ಇಟ್ಟು ನೋಡಿ. ಅಲೆ ಬರುವಾಗ ಒತ್ತಬೇಡಿ. ಅದು ಮೇಲೆ ಬಂದು, ನಿಂತು, ಹಿಂದೆ ಜಾರಲು ಶುರುವಾದ ಕ್ಷಣ ಒತ್ತಿ. ನೊರೆ ಮರಳಿನ ಮೇಲೆ ಉದ್ದುದ್ದ ಬಿಳಿ ಎಳೆಗಳನ್ನು ಬಿಟ್ಟು ಹೋಗುತ್ತದೆ, ಆ ಎಳೆಗಳೇ ಕಣ್ಣನ್ನು ಕಲ್ಲಿನ ಕಡೆಗೋ ಸೂರ್ಯನ ಕಡೆಗೋ ಕರೆದೊಯ್ಯುತ್ತವೆ. ಬೆಳಕು ಜಾಸ್ತಿ ಇದ್ದರೆ ಎನ್‌ಡಿ ಫಿಲ್ಟರ್, ಅಂದರೆ ಲೆನ್ಸಿಗೆ ಬರುವ ಬೆಳಕು ಕಮ್ಮಿ ಮಾಡುವ ಕಪ್ಪು ಗಾಜು, ಬೇಕು. ಸೂರ್ಯ ಮುಳುಗಿದ ಮೇಲಾದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಎಫ್ (ಲೆನ್ಸಿನ ಕಿಂಡಿಯ ಅಳತೆ) 11 ಇಟ್ಟರೆ ಫಿಲ್ಟರ್ ಇಲ್ಲದೆಯೂ ಅಷ್ಟು ನಿಧಾನ ವೇಗ ಸಿಗುತ್ತದೆ.

ಟ್ರೈಪಾಡ್ ಕಾಲುಗಳನ್ನು ಮರಳಿಗೆ ಗಟ್ಟಿಯಾಗಿ ಒತ್ತಿ ಇಡಿ. ಅಲೆ ಬಂದು ಹೋಗುವಾಗ ಕಾಲ ಬುಡದ ಮರಳನ್ನು ಕೆರೆದು ಒಯ್ಯುತ್ತದೆ, ಕ್ಯಾಮೆರಾ ಮೆಲ್ಲಗೆ ಇಳಿಯುತ್ತದೆ, ಸ್ಕ್ರೀನಿನಲ್ಲಿ ಗೊತ್ತೇ ಆಗುವುದಿಲ್ಲ. ಒಂದು ಸಂಜೆ ನನ್ನ ಇಪ್ಪತ್ತೈದು ಫೋಟೋ ಹೀಗೇ ಹಾಳಾದವು. ಅವತ್ತಿನಿಂದ ಅಲೆ ಹಿಂದೆ ಹೋದ ಮೇಲೆ ಟ್ರೈಪಾಡ್ ಮತ್ತೊಮ್ಮೆ ಒತ್ತಿ, ಗೆರೆ ನೋಡಿ, ಆಮೇಲೆ ಮುಂದಿನ ಫೋಟೋ. ಲೆನ್ಸಿಗೆ ಉಪ್ಪು ನೀರಿನ ಹನಿ ಕೂರುತ್ತದೆ, ಒಣ ಬಟ್ಟೆ ಜೇಬಿನಲ್ಲಿರಲಿ.

ನೀರಿಗೆ ಬೆನ್ನು ಹಾಕಿ ನಿಲ್ಲಬೇಡಿ. ಇಳಿಯುವ ಮೊದಲು ಹತ್ತು ನಿಮಿಷ ನಿಂತು ದೊಡ್ಡ ಅಲೆ ಎಲ್ಲಿಯ ತನಕ ಬರುತ್ತದೆ ನೋಡಿ. ಗಾಳಿ ಮಳೆ ಏನೂ ಇಲ್ಲದ ದಿನವೂ ದೂರದ ಸಾಗರದಲ್ಲಿ ಎದ್ದ ಅಲೆಗಳು ಇದ್ದಕ್ಕಿದ್ದ ಹಾಗೆ ದಡಕ್ಕೆ ನುಗ್ಗುವುದಿದೆ. ಮಲಯಾಳದಲ್ಲಿ ಇದನ್ನು ಕಳ್ಳಕ್ಕಡಲ್ ಅನ್ನುತ್ತಾರೆ, ಹೆಸರೇ ಹೇಳುತ್ತದೆ. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇಂಕಾಯ್ಸ್ ಸಂಸ್ಥೆ ಇದರ ಎಚ್ಚರಿಕೆ ಕೊಡುತ್ತದೆ. ಎಚ್ಚರಿಕೆ ಇದ್ದ ದಿನ ಕಲ್ಲಿನ ಹತ್ತಿರ ಹೋಗಲೇಬೇಡಿ. ಜೂನ್ ಜುಲೈಯ ಕಡಲನ್ನು ರಸ್ತೆಯಿಂದಲೇ ತೆಗೆಯಿರಿ.

ಬೇಕಲ ಕೋಟೆಯ ಹತ್ತಿರ ಎಲ್ಲರೂ ಸಂಜೆ ಸೂರ್ಯನಿಗೇ ಕ್ಯಾಮೆರಾ ಹಿಡಿದಿರುತ್ತಾರೆ. ನೀವು ಒಮ್ಮೆ ತಿರುಗಿ ನೋಡಿ. ಕಡಲಿಗೆ ಮುಖ ಮಾಡಿದ ಗೋಡೆಗೆ ಇಳಿ ಬಿಸಿಲು ನೇರ ಬೀಳುತ್ತದೆ. ಇಕ್ಕೇರಿಯ ಶಿವಪ್ಪ ನಾಯಕನ ಕಾಲದ, 17ನೇ ಶತಮಾನದ ಮುರಕಲ್ಲು ಒಳಗಿಂದಲೇ ಉರಿಯುವ ಹಾಗೆ ಕೆಂಪಾಗುತ್ತದೆ. ಕೋಟೆಯ ಭಾರ ಒಂದು ಬದಿಗಿರಲಿ, ಇನ್ನೊಂದು ಬದಿಗೆ ಖಾಲಿ ಕಡಲು ಬಿಡಿ. ಆ ಖಾಲಿ ಜಾಗ ಇದ್ದರೇ ಕೋಟೆ ಎಷ್ಟು ದೊಡ್ಡದು ಅಂತ ಗೊತ್ತಾಗುವುದು. ಕೋಟೆಯ ಒಳಗೆ ಟ್ರೈಪಾಡ್ ಇಡಬೇಕಾದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ತೆಗೆದುಕೊಳ್ಳಬೇಕು.

ಸೂರ್ಯ ಮುಳುಗುವ ಜಾಗವೂ ವರ್ಷವಿಡೀ ಒಂದೇ ಅಲ್ಲ. ನಮ್ಮಲ್ಲಿ ಜೂನ್ ಕೊನೆಗೆ ನೇರ ಪಡುವಿನಿಂದ ಇಪ್ಪತ್ತನಾಲ್ಕು ಡಿಗ್ರಿಯಷ್ಟು ಬಡಗಿಗೆ, ಡಿಸೆಂಬರ್ ಕೊನೆಗೆ ಅಷ್ಟೇ ತೆಂಕಿಗೆ ಮುಳುಗುತ್ತದೆ. ಕಲ್ಲಿನ ನೆತ್ತಿಗೆ ಸೂರ್ಯ ಕೂರುವ ಹಾಗೆ ಬೇಕಾದರೆ ತಿಂಗಳು ನೋಡಿ ಹೋಗಬೇಕು. ಮುಳುಗಿದ ಕೂಡಲೇ ಮನೆಗೆ ಹೊರಡಬೇಡಿ, ಮುಂದಿನ ಇಪ್ಪತ್ತು ನಿಮಿಷದ ಬೆಳಕು ಮೆತ್ತಗಿರುತ್ತದೆ, ನೀರಿಗೆ ಅದೇ ಚೆಂದ.

ಫೋನಿನಲ್ಲಿ ತೆಗೆಯುವವರಿಗೆ ಎರಡೇ ಮಾತು. ತುಂಬ ಅಗಲದ ಲೆನ್ಸ್ ಹಾಕಿದರೆ ದೂರದ ಗುಡ್ಡ, ದೋಣಿ ಎಲ್ಲ ಕಡಲೆಯಷ್ಟಾಗುತ್ತವೆ. ಕಾಲ ಬುಡದಲ್ಲಿ ತೋರಿಸಲು ಏನಾದರೂ ಇದ್ದರೆ ಮಾತ್ರ ಅದು. ಮತ್ತೆ, ಹೊಳೆಯುವ ಆಕಾಶದ ಮೇಲೆ ಬೆರಳು ಒತ್ತಿ ಹಿಡಿದು ಬೆಳಕನ್ನು ಸ್ವಲ್ಪ ಇಳಿಸಿ, ಇಲ್ಲದಿದ್ದರೆ ಸೂರ್ಯನ ಸುತ್ತ ಬರೀ ಬಿಳಿ ತೇಪೆ ಉಳಿಯುತ್ತದೆ.

ಮನೆಗೆ ಬಂದ ಮೇಲೆ

ತೆಗೆದ ಫೋಟೋ ಸರಿ ಮಾಡುವಾಗ ಮೊದಲು ಗೆರೆ ನೆಟ್ಟಗೆ ಮಾಡಿ, ಆಮೇಲೆ ಅಂಚುಗಳನ್ನು ನೋಡಿ. ನಾಲ್ಕೂ ಅಂಚುಗಳ ಮೇಲೆ ಬೆರಳು ಓಡಿಸಿದ ಹಾಗೆ ಕಣ್ಣು ಓಡಿಸಿ. ಅರ್ಧ ಕತ್ತರಿಸಿದ ಕಲ್ಲು, ಯಾರದೋ ಚಪ್ಪಲಿ, ಬಲೆಯ ಒಂದು ತುಂಡು ಅಲ್ಲೇ ಅಡಗಿರುತ್ತವೆ. ಕತ್ತರಿಸುವಾಗ ಆಕಾಶವನ್ನು ಎಷ್ಟು ತೆಗೆದರೂ ಫೋಟೋಗೆ ನಷ್ಟ ಆಗದಿದ್ದರೆ ಅಷ್ಟೂ ತೆಗೆದುಬಿಡಿ.

ಆಕಾಶಕ್ಕಿಂತ ನೀರಿನಲ್ಲಿನ ಆಕಾಶ ಯಾವಾಗಲೂ ಸ್ವಲ್ಪ ಮಬ್ಬು. ಮೊಬೈಲ್ ಆ್ಯಪಿನಲ್ಲಿ ಕೆಳಗಿನ ಭಾಗ ಬೆಳಗಿಸಿ ಬೆಳಗಿಸಿ ನೀರು ಆಕಾಶಕ್ಕಿಂತ ಜಾಸ್ತಿ ಹೊಳೆಯುವ ಹಾಗೆ ಮಾಡಿದರೆ ನೋಡುವವರಿಗೆ ಏನೋ ಸುಳ್ಳು ಅನಿಸುತ್ತದೆ, ಯಾಕೆ ಅಂತ ಹೇಳಲು ಬಾರದಿದ್ದರೂ. ಕಿತ್ತಳೆ ಬಣ್ಣವನ್ನೂ ಎಳೆಯಬೇಡಿ. ಅಳಿಯನ ಮೊದಲ ದಿನದ ಫೋಟೋಗಳಲ್ಲಿ ಅದೊಂದೇ ಇತ್ತು, ಬೇರೇನೂ ಇಲ್ಲದ್ದರಿಂದ ಅದನ್ನೇ ಜಾಸ್ತಿ ಮಾಡುತ್ತಾ ಹೋಗಿದ್ದ.

ಮೂರನೆಯ ಸಂಜೆ ಅವನು ತೆಗೆದದ್ದು ಎಂಟೇ ಫೋಟೋ. ಅದರಲ್ಲಿ ಒಂದನ್ನು ಅಕ್ಕ ಪ್ರಿಂಟ್ ಹಾಕಿಸಿ ಪಡಸಾಲೆಯಲ್ಲಿ ಇಟ್ಟಿದ್ದಾಳೆ. ಕೆಳಗಿನ ಎಡ ಮೂಲೆಯಿಂದ ಕೆಸರಿನ ಹೊಳೆಯುವ ಅಂಚು ಬಾಗಿ ಬರುತ್ತದೆ, ಹಗ್ಗ ಅದರ ಜೊತೆಗೇ ಬಂದು ದೋಣಿಗೆ ಸೇರುತ್ತದೆ, ದೋಣಿಯ ಮೂತಿ ಅಳಿವೆಯ ಕಡೆಗೆ. ಸೂರ್ಯ ಇಲ್ಲ, ಮುಳುಗಿ ಹತ್ತು ನಿಮಿಷ ಆಗಿತ್ತು. ಆಕಾಶ ಮೇಲೆ ನಾಲ್ಕು ಬೆರಳಿನಷ್ಟು ಮಾತ್ರ. ಮರುವಾಯಿ ಹೆಕ್ಕುತ್ತಿದ್ದವರು ದೂರದಲ್ಲಿ ಬಗ್ಗಿ ನಿಂತಿರುವುದು ಕಾಣುತ್ತದೆ, ಉಗುರಿನಷ್ಟೇ ಚಿಕ್ಕದು, ಆದರೆ ಸುತ್ತ ನೀರಿರುವುದರಿಂದ ಕಣ್ಣು ಕೊನೆಗೆ ಹೋಗಿ ನಿಲ್ಲುವುದು ಅಲ್ಲಿಯೇ.